ರಾಕ್ ಸಂಗೀತದ ಬೇರು ಹುಡುಕುವವರು ಮಡ್ಡಿ ವಾಟರ್ಸ್‌ನ ಈ ಎರಡು ರೆಕಾರ್ಡ್ ಅಕ್ಕಪಕ್ಕ ಇಟ್ಟು ಕೇಳಿ

ತಂತಿನಾದ:

ಹಿಂದಿನ ಚರ್ಚೆಯಲ್ಲಿ "ರಾಕ್ ಶುರುವಾಗಿದ್ದೇ ಎಲ್ವಿಸ್‌ನಿಂದ" (1950ರ ದಶಕದ ಅಮೆರಿಕದ ಗಾಯಕ ಎಲ್ವಿಸ್ ಪ್ರೆಸ್ಲಿ) ಅಂತ ಒಬ್ಬರು ಬರೆದಿದ್ದರು. ಅದಕ್ಕೆ ಅಲ್ಲೇ ಎರಡು ಸಾಲಿನ ಉತ್ತರ ಕೊಟ್ಟರೆ ವಿಷಯಕ್ಕೆ ನ್ಯಾಯ ಆಗಲ್ಲ ಅನ್ನಿಸಿತು. ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ.

1941ರ ಆಗಸ್ಟ್. ಅಮೆರಿಕದ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಊರಿನ ಹತ್ತಿರ ಸ್ಟೋವಾಲ್ ಅನ್ನುವ ಹತ್ತಿ ತೋಟ. ಅಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಇಪ್ಪತ್ತೆಂಟರ ಕರಿಯ ಯುವಕನ ಮನೆಗೆ ಇಬ್ಬರು ಬಂದರು. ಒಬ್ಬ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನ ಆಲನ್ ಲೋಮ್ಯಾಕ್ಸ್, ಇನ್ನೊಬ್ಬ ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್. ಜನಪದ ಹಾಡುಗಳನ್ನು ದಾಖಲಿಸೋಕೆ ಯಂತ್ರ ಹೊತ್ತುಕೊಂಡು ಬಂದವರು. ಆ ಯುವಕನ ಹೆಸರು ಮೆಕಿನ್ಲೀ ಮೋರ್ಗನ್‌ಫೀಲ್ಡ್. ಕೆಸರಲ್ಲಿ ಆಡಿ ಆಡಿ ಮೈಯೆಲ್ಲ ಮೆತ್ತಿಕೊಂಡು ಬರ್ತಾನೆ ಅಂತ ಅಜ್ಜಿ 'ಮಡ್ಡಿ' ಅಂತ ಕರೀತಿದ್ದರು, ಅದೇ ಉಳಿಯಿತು. ಕರೆಂಟಿಲ್ಲದ ಮಾಮೂಲಿ ಅಕೂಸ್ಟಿಕ್ ಗಿಟಾರ್ ಹಿಡಿದು, ತಂತಿ ಮೇಲೆ ಸ್ಲೈಡ್ (ಬೆರಳಿಗೆ ಹಾಕಿಕೊಳ್ಳುವ ಕೊಳವೆ) ಜಾರಿಸುತ್ತಾ ಮಡ್ಡಿ ಆ ದಿನ ಹಾಡಿದ ಹಾಡುಗಳಲ್ಲಿ ಒಂದು 'ಐ ಬೀಸ್ ಟ್ರಬಲ್ಡ್'.

ಈಗ 1948ರ ಏಪ್ರಿಲ್‌ಗೆ ಬನ್ನಿ. ಊರು ಷಿಕಾಗೊ. ಅರಿಸ್ಟೊಕ್ರಾಟ್ ಅನ್ನುವ ಚಿಕ್ಕ ರೆಕಾರ್ಡ್ ಕಂಪನಿ. ಅದೇ ಮಡ್ಡಿ, ಹೆಚ್ಚುಕಮ್ಮಿ ಅದೇ ಹಾಡು. ಹೆಸರು ಮಾತ್ರ 'ಐ ಕಾಂಟ್ ಬಿ ಸ್ಯಾಟಿಸ್ಫೈಡ್' ಅಂತ ಬದಲಾಗಿದೆ. ಜೊತೆಗೆ ಬಿಗ್ ಕ್ರಾಫರ್ಡ್‌ನ ಡಬಲ್ ಬೇಸ್ (ನಿಲ್ಲಿಸಿ ನುಡಿಸುವ ದೊಡ್ಡ ತಂತಿವಾದ್ಯ) ಒಂದೇ, ಡ್ರಮ್ಸ್ ಇಲ್ಲ. ಆದರೆ ಮಡ್ಡಿ ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆ.

ಎರಡನ್ನೂ ಒಂದರ ಹಿಂದೆ ಒಂದು ಹಾಕಿಕೊಂಡು ಕೇಳಿ. ಸ್ವರ ಅವೇ, ಬೆರಳಿನ ಕೆಲಸ ಅದೇ. ಆದರೆ ಮೊದಲನೆಯದರಲ್ಲಿ ಗಿಟಾರ್ ಹಾಡಿನ ಹಿಂದೆ ನಿಂತಿದೆ, ಎರಡನೆಯದರಲ್ಲಿ ಹಾಡುವವನಿಗೆ ಎದುರುತ್ತರ ಕೊಡುತ್ತಿದೆ. ಒಂದು ಸಾಲು ಇವನು ಹಾಡಿದರೆ ಮುಂದಿನದನ್ನು ತಂತಿಯೇ ಮುಗಿಸುತ್ತೆ. ಆ ಸದ್ದಿಗೊಂದು ಅಂಚು ಬಂದಿದೆ. ಸ್ವರ ಬೇಗ ಸಾಯೋದಿಲ್ಲ, ನಿಂತು ಕಂಪಿಸುತ್ತೆ. ಆಮೇಲೆ ಬಂದ ರಾಕ್ ಗಿಟಾರಿನ ಗತ್ತು ಏನಿದೆಯೋ, ಅದರ ಬೀಜ ನನಗೆ ಕೇಳೋದು ಈ ಏಳು ವರ್ಷದ ಅಂತರದಲ್ಲೇ.

ಇದು ಯಾಕಾಯ್ತು? 1943ರಲ್ಲಿ ಮಡ್ಡಿ ತೋಟದ ಮೇಲ್ವಿಚಾರಕನ ಹತ್ತಿರ ಕೂಲಿ ಗಂಟೆಗೆ 22.5 ಸೆಂಟ್‌ನಿಂದ 25 ಸೆಂಟ್ ಮಾಡಿ ಅಂತ ಕೇಳಿದ. ಅವನು ಕೂಗಾಡಿ ಕಳಿಸಿದ. ಸ್ವಲ್ಪ ದಿನಕ್ಕೆ ಮಡ್ಡಿ ರೈಲು ಹತ್ತಿ ಷಿಕಾಗೊಕ್ಕೆ ಬಂದುಬಿಟ್ಟ. ಹಗಲು ಕಾರ್ಖಾನೆ ಕೆಲಸ, ಲಾರಿ ಓಡಿಸೋ ಕೆಲಸ. ರಾತ್ರಿ ಜನರ ಮನೆಯ ಪಾರ್ಟಿಗಳಲ್ಲಿ, ಆಮೇಲೆ ದಕ್ಷಿಣ ಷಿಕಾಗೊದ ಬಾರುಗಳಲ್ಲಿ ಹಾಡು. ಅಲ್ಲಿ ಗ್ಲಾಸಿನ ಸದ್ದು, ಮಾತು, ಜಗಳ, ನಗು. ಅಕೂಸ್ಟಿಕ್ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ. ಚಿಕ್ಕಪ್ಪ ಜೋ ಗ್ರಾಂಟ್ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ. ಕೇಳಿಸಲಿ ಅನ್ನೋ ಒಂದೇ ಕಾರಣಕ್ಕೆ ಹಿಡಿದ ವಾದ್ಯ ಅದು. ಆ ಅಗತ್ಯದಿಂದ ಬಂದ ಸದ್ದು ಜಗತ್ತಿನ ಸಂಗೀತವನ್ನೇ ತಿರುಗಿಸಿತು ಅಂತ ನಾನು ನಂಬಿದ್ದೇನೆ. ಒಪ್ಪದವರು ಧಾರಾಳವಾಗಿ ಬರೀರಿ.

ನೇಪರ್‌ವಿಲ್_ಕನ್ನಡಿಗ:

ತುಂಬ ಒಳ್ಳೆ ಕೆಲಸ ಮಾಡಿದ್ರಿ ಸರ್. ನಾನಿರೋದು ಷಿಕಾಗೊ ಪಕ್ಕದಲ್ಲೇ. ಮಡ್ಡಿ ಕೊನೆಗಾಲದಲ್ಲಿದ್ದ ವೆಸ್ಟ್‌ಮಾಂಟ್ ನಮ್ಮನೆಯಿಂದ ಕಾರಲ್ಲಿ ಸ್ವಲ್ಪವೇ ದೂರ. 1983ರ ಏಪ್ರಿಲ್ 30ರಂದು ನಿದ್ದೆಯಲ್ಲೇ ಪ್ರಾಣ ಹೋಗಿದ್ದು ಅಲ್ಲೇ.

ಆ 1948ರ ರೆಕಾರ್ಡಿನ ಬಗ್ಗೆ ಇಲ್ಲಿನವರು ಈಗಲೂ ಹೇಳೋ ಕಥೆ ಒಂದಿದೆ. ವಾರಾಂತ್ಯಕ್ಕೆ ಅಂಗಡಿಗೆ ಬಂತು, ಒಂದೇ ದಿನಕ್ಕೆ ಮುಗಿಯಿತು. 79 ಸೆಂಟಿನ ಪ್ಲೇಟನ್ನ ಅಂಗಡಿಯವರು ಒಂದು ಡಾಲರ್ 10 ಸೆಂಟಿಗೆ ಮಾರಿದರು, ಅದೂ ತಲೆಗೊಂದು. ಸ್ವತಃ ಮಡ್ಡಿ ಹೋಗಿ "ಹಾಡಿರೋನೇ ನಾನು" ಅಂದರೂ ಎರಡನೇದು ಕೊಡಲಿಲ್ಲವಂತೆ. ತೆಗೊಂಡವರು ಯಾರು? ಅವನ ಹಾಗೇ ದಕ್ಷಿಣದ ಹತ್ತಿ ಹೊಲ ಬಿಟ್ಟು ಬಂದವರು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕರಿಯ ಜನ ಹಾಗೆ ಗುಳೆ ಬಂದರು. ಊರಿನ ಹಾಡು ಪಟ್ಟಣದ ಸದ್ದಲ್ಲಿ ಕೇಳಿಸಿದ್ದಕ್ಕೇ ಅವರು ಮುಗಿಬಿದ್ದಿದ್ದು.

ಅರಿಸ್ಟೊಕ್ರಾಟ್ ಕಂಪನಿಯ ಲಿಯೊನಾರ್ಡ್ ಚೆಸ್‌ಗೆ ಮಾತ್ರ ಮೊದಲು ಈ ಹಾಡು ರುಚಿಸಿರಲಿಲ್ಲ, ಏನು ಹಾಡ್ತಿದ್ದಾನೆ ಅಂತಲೇ ಅರ್ಥವಾಗಲಿಲ್ಲ ಅಂದನಂತೆ. ಪೋಲೆಂಡ್‌ನಿಂದ ವಲಸೆ ಬಂದ ಯಹೂದಿ ಕುಟುಂಬದ ಹುಡುಗ ಅವನು. ಮಾರಾಟ ನೋಡಿದ ಮೇಲೆ ಪಾಠ ಕಲಿತ. 1950ಕ್ಕೆ ತಮ್ಮ ಫಿಲ್ ಜೊತೆ ಸೇರಿ ಕಂಪನಿಗೆ ಚೆಸ್ ಅಂತಲೇ ಹೆಸರಿಟ್ಟ.

ಉಣಕಲ್‌ಕೆರೆ:

ತಂತಿನಾದ ಅವರ, ಬರೆದದ್ದು ಭಾಳ ಚಲೋ ಐತ್ರಿ. ಆದ್ರ ನಂದೊಂದು ತಕರಾರ ಐತಿ. ಬೀಜ ಇಲ್ಲೇ ಐತಿ ಅಂತ ಒಬ್ಬನ ಕೊರಳಿಗೆ ಹಾರ ಹಾಕಿದ್ರ ಉಳಿದವರಿಗೆ ಅನ್ಯಾಯ ಆಗ್ತೈತಿ.

ಟೀ-ಬೋನ್ ವಾಕರ್ ಏನ್ ಮಾಡಿದ್ನ್ರಿ? ಟೆಕ್ಸಸ್‌ನವ, 1910ರಾಗ ಹುಟ್ಟಿದಾಂವ. ಸಣ್ಣಾಂವ ಇದ್ದಾಗ ಕುರುಡ ಗಾಯಕ ಬ್ಲೈಂಡ್ ಲೆಮನ್ ಜೆಫರ್ಸನ್‌ನ ಕೈ ಹಿಡದ ಬೀದಿ ಬೀದಿ ಅಡ್ಡ್ಯಾಡಿಸ್ತಿದ್ದ. ಮಡ್ಡಿ ಎಲೆಕ್ಟ್ರಿಕ್ ಮುಟ್ಟೂಕಿಂತ ಮೊದಲ, 1942ರಾಗನ ಇಂವ 'ಮೀನ್ ಓಲ್ಡ್ ವರ್ಲ್ಡ್' ರೆಕಾರ್ಡ್ ಮಾಡ್ಯಾನ. 1947ರಾಗ 'ಸ್ಟಾರ್ಮಿ ಮಂಡೆ'. ಗಿಟಾರ್ ತಲಿ ಹಿಂದ ಹಿಡದ ಬಾರಿಸಾಂವ, ಬಾರಿಸ್ಕೋತನ ಕಾಲ ಅಗಲಿಸಿ ನೆಲಕ್ಕ ಕೂಡಾಂವ. ರಾಕ್ ಗಿಟಾರಿಗೆ ಹೆಸರಾದ ಜಿಮಿ ಹೆಂಡ್ರಿಕ್ಸ್ ಮಾಡಿದ್ದು ನೋಡಿ ಜಗತ್ತ ಬಾಯಿ ತೆರೀತು, ಇಂವ ಅದನ್ನ ಎಷ್ಟೋ ವರ್ಷ ಮೊದಲ ಮಾಡ್ಯಾನ. ಬಿ.ಬಿ. ಕಿಂಗ್ ಎಲೆಕ್ಟ್ರಿಕ್ ಗಿಟಾರ್ ಹಿಡದದ್ದ ಇವನ ರೆಕಾರ್ಡ್ ಕೇಳಿ. ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿ ಬೆರಳಿನಾಗೂ ಇಂವ ಅದಾನ.

ಇನ್ನ ಸಿಸ್ಟರ್ ರೊಸೆಟಾ ಥಾರ್ಪ್. ಚರ್ಚಿನ ಹಾಡ ಹಾಡೂ ಹೆಣ್ಣಮಗಳು. 1944ರಾಗ ಮಾಡಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿಡೇ' ಕೇಳ್ರಿ, ರಾಕ್ ಅಲ್ಲ ಅಂತ ಯಾರಿಗೆ ಹೇಳಾಕ ಬಾಯಿ ಬರ್ತೈತಿ? ಆಕಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನಾಗ ಜಾಗಾ ಸಿಕ್ಕಿದ್ದು 2018ಕ್ಕ. ಸತ್ತ ಸುಮಾರು 45 ವರ್ಷದ ಮ್ಯಾಲ. ಇದು ನನಗ ಭಾಳ ಸಂಕಟ ತರೂ ಸಂಗತಿ.

ತಂತಿನಾದ:

ಉಣಕಲ್‌ಕೆರೆಯವರೇ, ನಿಮ್ಮ ತಕರಾರು ಒಪ್ಪಬೇಕಾದ್ದೇ. ರೊಸೆಟಾ ಇಲ್ಲದೆ ಈ ಕಥೆ ಹೇಳೋಕಾಗಲ್ಲ. ಅವರೂ ಮಡ್ಡಿಯೂ ಒಟ್ಟಿಗೆ ಕಾಣಿಸಿಕೊಂಡ ದೃಶ್ಯವೊಂದು ಉಳಿದಿದೆ. 1964ರ ಮೇ 7, ಇಂಗ್ಲೆಂಡಿನ ಮ್ಯಾಂಚೆಸ್ಟರ್. ರೈಲು ನಿಲ್ಲದೆ ಬಿಟ್ಟುಹೋಗಿದ್ದ ವಿಲ್‌ಬ್ರಹಮ್ ರೋಡ್ ಸ್ಟೇಷನ್ನನ್ನೇ ಗ್ರನಾಡಾ ಟಿವಿಯವರು ವೇದಿಕೆ ಮಾಡಿದ್ದರು. ಒಂದು ಪ್ಲಾಟ್‌ಫಾರ್ಮ್ ಮೇಲೆ ಕಲಾವಿದರು, ಹಳಿ ಆಚೆ ಎದುರಿನ ಪ್ಲಾಟ್‌ಫಾರ್ಮ್ ಮೇಲೆ ಇಂಗ್ಲಿಷ್ ಹುಡುಗ ಹುಡುಗಿಯರು. ಮಳೆ ಬಂದು ನೆಲವೆಲ್ಲ ಒದ್ದೆ. ಕುದುರೆಗಾಡಿಯಲ್ಲಿ ಬಂದಿಳಿದ ರೊಸೆಟಾ ಬಿಳೀ ಗಿಟಾರ್ ಹೆಗಲಿಗೇರಿಸಿ ಮಳೆಯ ಹಾಡನ್ನೇ ಎತ್ತಿಕೊಂಡರು. ದಪ್ಪ ಕೋಟು ತೊಟ್ಟ, ಐವತ್ತರ ಹತ್ತಿರದ ಹೆಂಗಸು. ನಡುವೆ ಬರುವ ಆ ಗಿಟಾರ್ ತುಣುಕು ನೋಡಿದವರು ಮರೆಯಲ್ಲ.

ಟೀ-ಬೋನ್ ವಿಷಯದಲ್ಲಿ ನಾನು ಸ್ವಲ್ಪ ಬೇರೆ ಹೇಳ್ತೀನಿ. ಅವನ ಕೈಯಲ್ಲಿ ಜಾಝ್‌ನ ನಯ ಇದೆ. ಸ್ಯಾಕ್ಸೋಫೋನ್ ನುಡಿಸುವವನ ಹಾಗೆ ಒಂದೊಂದೇ ಸ್ವರ ಬಿಡಿಸಿ ಹೇಳ್ತಾನೆ. ರಾಕ್‌ನ ಸೋಲೊಗೆ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯೋ ಭಾಗಕ್ಕೆ, ಅಪ್ಪ ಅವನೇ, ಅನುಮಾನ ಬೇಡ. ಆದರೆ ರಾಕ್ ಅಂದರೆ ಸೋಲೊ ಮಾತ್ರ ಅಲ್ಲವಲ್ಲ, ನಾಲ್ಕೈದು ಜನರ ಬ್ಯಾಂಡು ಒಂದೇ ಮೈಯಾಗಿ ಗುದ್ದೋದು. ಆ ಅಚ್ಚು ಎರಕವಾಗಿದ್ದು ಮಡ್ಡಿಯ ಬ್ಯಾಂಡಲ್ಲಿ. ಮಡ್ಡಿ, ಎರಡನೇ ಗಿಟಾರಿಗೆ ಜಿಮ್ಮಿ ರಾಜರ್ಸ್, ಹಾರ್ಮೋನಿಕಾಕ್ಕೆ (ಮೌತ್ ಆರ್ಗನ್) ಲಿಟಲ್ ವಾಲ್ಟರ್, ಪಿಯಾನೋಕ್ಕೆ ಓಟಿಸ್ ಸ್ಪ್ಯಾನ್, ಹಿಂದೆ ಡ್ರಮ್ಸ್. ಲಿಟಲ್ ವಾಲ್ಟರ್ ಅಂತೂ ಹಾರ್ಮೋನಿಕಾವನ್ನು ಮೈಕಿನ ಸಮೇತ ಅಂಗೈಯಲ್ಲಿ ಮುಚ್ಚಿ ಹಿಡಿದು ಆಂಪ್ಲಿಫೈಯರಿಗೆ ಕೊಟ್ಟ. ಅವನ 'ಜೂಕ್' 1952ರಲ್ಲಿ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಪಟ್ಟಿಯಲ್ಲಿ ಎಂಟು ವಾರ ಮೊದಲನೇ ಸ್ಥಾನದಲ್ಲಿತ್ತು.

ಕರಾವಳಿ_ಬೇಸ್:

ಬ್ಯಾಂಡಿನ ವಿಷಯ ಬಂತಲ್ಲ, ಈಗ ನಾನು ಮಾತಾಡಬಹುದು! ಮಂಗಳೂರಿನಲ್ಲಿ ಬೇಸ್ ಬಾರಿಸುವವ ನಾನು. 'ಹೂಚಿ ಕೂಚಿ ಮ್ಯಾನ್' ಕೇಳಿ ಮಾರಾಯ್ರೆ. 1954ರ ಜನವರಿಯಲ್ಲಿ ಆದದ್ದು. ಬರೆದವರು ವಿಲ್ಲೀ ಡಿಕ್ಸನ್, ಆ ಕಾಲದಲ್ಲಿ ಚೆಸ್‌ನ ಬೇಸ್ ಪ್ಲೇಯರ್, ಅವರೇ ಹಾಡು ಕಟ್ಟುವವರು ಕೂಡ. ಕ್ಲಬ್ಬಿನ ಬಾತ್‌ರೂಮಿನ ಹತ್ತಿರ ನಿಂತು ಮಡ್ಡಿಗೆ ಈ ಹಾಡು ಹೇಳಿಕೊಟ್ಟರಂತೆ, ಮಡ್ಡಿ ಅದೇ ರಾತ್ರಿ ಸ್ಟೇಜಿಗೆ ಹೋಗಿ ಹಾಡಿಯೇ ಬಿಟ್ಟರಂತೆ.

ಅದರಲ್ಲಿ ಉಂಟಲ್ಲ ಆ ಐದು ಸ್ವರದ ತುಂಡು, ಇಡೀ ಬ್ಯಾಂಡು ಸೇರಿ ಬಾರಿಸಿ ಗಪ್ಪಂತ ನಿಲ್ಲುವುದು. ನಿಂತ ಖಾಲಿ ಜಾಗದಲ್ಲಿ ಮಡ್ಡಿ ಒಂದು ಸಾಲು ಹಾಡ್ತಾರೆ. ಮತ್ತೆ ಆ ತುಂಡು, ಮತ್ತೆ ನಿಶ್ಶಬ್ದ. ಇದಕ್ಕೆ ಸ್ಟಾಪ್ ಟೈಮ್ ಅಂತ ಹೇಳುವುದು. ನಮಗೆ ಬ್ಯಾಂಡಿನಲ್ಲಿ ಅತಿ ಕಷ್ಟದ್ದು ಬಾರಿಸುವುದಲ್ಲ, ಆ ನಿಲ್ಲುವುದು. ಒಬ್ಬ ಅರ್ಧ ಗಳಿಗೆ ಮುಂದೆ ಹೋದರೂ ಹಾಡು ಬಿದ್ದುಹೋಗ್ತದೆ. ಮುಂದೆ ಎಷ್ಟು ರಾಕ್ ಹಾಡುಗಳು ಈ ಒಂದು ಉಪಾಯದ ಮೇಲೆ ನಿಂತಿವೆ ಅಂತ ಲೆಕ್ಕ ಹಾಕಲಿಕ್ಕೇ ಆಗುವುದಿಲ್ಲ.

ಮತ್ತೆ ಚಕ್ ಬೆರಿ. 1955ರಲ್ಲಿ ಸೇಂಟ್ ಲೂಯಿಸ್‌ನಿಂದ ಷಿಕಾಗೊಕ್ಕೆ ಬಂದು ಮಡ್ಡಿಯನ್ನು ಕಂಡು, ರೆಕಾರ್ಡ್ ಮಾಡಬೇಕಾದರೆ ಯಾರನ್ನು ನೋಡಬೇಕು ಅಂತ ಕೇಳಿದ್ದು. ಲಿಯೊನಾರ್ಡ್ ಚೆಸ್ ಹತ್ತಿರ ಹೋಗು ಅಂತ ಕಳಿಸಿದ್ದು ಮಡ್ಡಿಯೇ. ಅದೇ ವರ್ಷ 'ಮೇಬಲೀನ್' ಬಂತು. ಆ ಚಕ್ ಬೆರಿಯ 'ಜಾನಿ ಬಿ ಗುಡ್' ಈಗ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ನಕ್ಷತ್ರಗಳ ನಡುವಿನ ಆಕಾಶದಲ್ಲಿ ಹೋಗ್ತಾ ಉಂಟು.

ಹೊಸಕೇಳುಗ:

ಅಣ್ಣಂದಿರೇ, ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಗಿಟಾರ್ ಈಗಷ್ಟೇ ಕಲೀತಿದ್ದೀನಿ. ಒಂದು ಪ್ರಶ್ನೆ. ರಾಕ್ ಗಿಟಾರಿನ ಆ ಒಡೆದ, ಕೊರೆಯೋ ಥರದ ಸದ್ದು ಇದೆಯಲ್ಲ, ಡಿಸ್ಟಾರ್ಷನ್, ಅದನ್ನ ಕಂಡುಹಿಡಿದವರು ಯಾರು? ಮಡ್ಡಿನೇನಾ? ನಾವೀಗ ಪೆಡಲ್ ಒತ್ತಿದ್ರೆ ಬರುತ್ತೆ, ಆಗ ಹೇಗೆ ಮಾಡ್ತಿದ್ರು?

ಕರಾವಳಿ_ಬೇಸ್:

ಒಬ್ಬರು ಕಂಡುಹಿಡಿದದ್ದು ಅಂತ ಇಲ್ಲ ತಮ್ಮಾ. ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸುತ್ತಿದ ಸಣ್ಣ ತಾಮ್ರದ ತಂತಿ. ಮೇಲೆ ಸ್ಟೀಲ್ ತಂತಿ ಅದುರಿದಾಗ ಆ ಸುರುಳಿಯಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡುವುದು ಆಂಪ್ಲಿಫೈಯರ್. ಆಗಿನ ಆಂಪ್ ಅಂದರೆ ವಾಲ್ವ್ ಆಂಪ್, ಹಳೇ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳು ಇರುತ್ತಿದ್ದವಲ್ಲ, ಅದೇ ಜಾತಿ. ಅದಕ್ಕೆ ತಡೆಯುವ ಮಿತಿ ಉಂಟು. ಸಣ್ಣ ಆಂಪನ್ನು ಫುಲ್ ವಾಲ್ಯೂಮಿಗೆ ಇಟ್ಟು ಜೋರು ಬಾರಿಸಿದರೆ ಅಲೆಯ ನೆತ್ತಿ ಕತ್ತರಿಸಿ ಹೋಗ್ತದೆ. ಹಾಗೆ ಕತ್ತರಿಸಿದಾಗ ಮೂಲದಲ್ಲಿ ಇಲ್ಲದ ಹೊಸ ಹಾರ್ಮೋನಿಕ್ಸ್, ಅಂದರೆ ಉಪಸ್ವರಗಳು, ಬಂದು ಸೇರ್ತವೆ. ಅದೇ ಆ ಒರಟು. ದೊಡ್ಡ ಬಾರಿನಲ್ಲಿ ಸಣ್ಣ ಆಂಪ್ ಇಟ್ಟುಕೊಂಡವರಿಗೆಲ್ಲ ಅದು ತನ್ನಿಂದ ತಾನೇ ಬಂದದ್ದು. ಕೆಲವರು ಅದನ್ನು ದೋಷ ಅಂತ ಬಿಡದೆ ಇಷ್ಟಪಟ್ಟು ಇಟ್ಟುಕೊಂಡರು.

1951ರ ಮಾರ್ಚಿನಲ್ಲಿ ಮೆಂಫಿಸ್‌ನಲ್ಲಿ ಸ್ಯಾಮ್ ಫಿಲಿಪ್ಸ್ ಸ್ಟುಡಿಯೋಕ್ಕೆ ಐಕ್ ಟರ್ನರ್ ಬ್ಯಾಂಡು ಬರುವಾಗ ದಾರಿಯಲ್ಲಿ ಗಿಟಾರ್ ಬಾರಿಸುವ ವಿಲ್ಲೀ ಕಿಝಾರ್ಟ್‌ನ ಆಂಪ್ ಹಾಳಾಯಿತು, ಸ್ಪೀಕರಿನ ಕೋನು ಹೋಯಿತು. ರಿಪೇರಿಗೆ ಸಮಯ ಇಲ್ಲ. ಒಳಗೆ ಕಾಗದ ತುರುಕಿ ಹಾಗೇ ಬಾರಿಸಿದರು. ಆ ಬುರ್ ಅನ್ನುವ ಸದ್ದಿನ 'ರಾಕೆಟ್ 88' ಚೆಸ್‌ನಿಂದಲೇ ಬಿಡುಗಡೆಯಾಗಿ ನಂಬರ್ ಒನ್ ಆಯಿತು. ಹೆಸರು ಮಾತ್ರ ಹಾಡಿದ ಜ್ಯಾಕೀ ಬ್ರೆನ್‌ಸ್ಟನ್‌ದು. ಮೊದಲ ರಾಕ್ ರೆಕಾರ್ಡ್ ಇದೇ ಅಂತ ಹೇಳುವವರು ತುಂಬ ಜನ ಇದ್ದಾರೆ. ಅದೇ ವರ್ಷದ, ಹೌಲಿನ್ ವುಲ್ಫ್ ಅನ್ನುವ ಗಾಯಕನ ರೆಕಾರ್ಡುಗಳಲ್ಲಿ ವಿಲ್ಲೀ ಜಾನ್ಸನ್‌ನ ಗಿಟಾರ್ ಕೇಳು. ನನ್ನ ಕೇಳಿದರೆ ಅದು ಇನ್ನೂ ಖಾರ.

ವೀಣೆಮನೆ:

ನಾನು ಮೈಸೂರಿನಲ್ಲಿ ವೀಣೆ ಹೇಳಿಕೊಡುವವಳು. ರಾಕ್ ಕೇಳಿದ್ದು ಬಹಳ ಕಡಿಮೆ. ನನ್ನ ಶಿಷ್ಯೆಯೊಬ್ಬಳು ಈ ಚರ್ಚೆ ತೋರಿಸಿದಳು, ತಂತಿನಾದ ಅವರು ಹೇಳಿದ ಎರಡೂ ಹಾಡುಗಳನ್ನು ಕೇಳಿದೆ. ಕೇಳಿದ್ದನ್ನು ಬರೆಯುತ್ತೇನೆ.

ಅವರ ಗಾಂಧಾರ ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮ ಲೆಕ್ಕದಲ್ಲಿ ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ. ಎರಡರ ನಡುವೆ ಎಲ್ಲೋ ಒಂದು ಕಡೆ, ಪ್ರತಿಸಲವೂ ಬಹುಮಟ್ಟಿಗೆ ಅದೇ ಕಡೆ ಬಂದು ನಿಲ್ಲುತ್ತಾರೆ. ಕೆಳಗಿನಿಂದ ಜಾರಿಕೊಂಡು ಬಂದು, ಮುಟ್ಟಬೇಕಾದ ಜಾಗಕ್ಕೆ ಒಂದು ಎಳೆಯಷ್ಟು ಮುಂಚೆಯೇ ತಡೆಯುತ್ತಾರೆ. ಅಪಸ್ವರ ಅನ್ನಿಸುವುದೇ ಇಲ್ಲ, ಅಷ್ಟು ಖಚಿತ. ಗಂಟಲು ಎಲ್ಲಿ ನಿಲ್ಲುತ್ತದೋ ಸ್ಲೈಡ್ ಕೂಡ ಅಲ್ಲೇ ನಿಲ್ಲುತ್ತದೆ. ಹಾಡುವವರ ಬಾಯಿಪಾಠವನ್ನೇ ತಂತಿ ಒಪ್ಪಿಸುವುದು ನಮಗೆ ಹೊಸದಲ್ಲ. ಆದರೆ ಮೆಟ್ಟಿಲು ಕಟ್ಟಿದ ವಾದ್ಯದಲ್ಲಿ ಮೆಟ್ಟಿಲನ್ನು ಮುಟ್ಟದೆ ಮೇಲೆಯೇ ಜಾರಿ ಇಷ್ಟು ಶ್ರುತಿಶುದ್ಧವಾಗಿ ನುಡಿಸುವುದಕ್ಕೆ ಎಷ್ಟು ಸಾಧನೆ ಬೇಕೆಂದು ನನಗೆ ಗೊತ್ತು. ಇದು ಯಾರಿಂದ ಕಲಿತದ್ದು? ಗುರು ಯಾರು?

ತಂತಿನಾದ:

ಮೇಡಂ, ನೀವು ಬರೆದದ್ದು ಓದಿ ಬಹಳ ಸಂತೋಷವಾಯ್ತು. ಎಷ್ಟೋ ವರ್ಷದಿಂದ ಕೇಳ್ತಿದ್ದರೂ ಆ ಗಾಂಧಾರವನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದು ನಾನು ಓದಿಲ್ಲ.

ಮಡ್ಡಿಗೆ ದಾರಿ ತೋರಿಸಿದವನು ಸನ್ ಹೌಸ್. ಒಮ್ಮೆ ಪಾದ್ರಿಯಾಗಿ ಪ್ರವಚನ ಮಾಡುತ್ತಿದ್ದವನು, ಮಿಸಿಸಿಪ್ಪಿಯ ಡೆಲ್ಟಾ ಪ್ರದೇಶದಲ್ಲೇ ಇದ್ದವನು. ಅವನು ಬಾಟಲಿಯ ಕತ್ತು ಬೆರಳಿಗೆ ಸಿಕ್ಕಿಸಿಕೊಂಡು ನುಡಿಸುವುದನ್ನು ಮಡ್ಡಿ ರಾತ್ರಿಗಟ್ಟಲೆ ಕೂತು ನೋಡಿದ್ದ. ರಾಬರ್ಟ್ ಜಾನ್ಸನ್ 1936 ಮತ್ತು 37ರಲ್ಲಿ ಟೆಕ್ಸಸ್‌ನಲ್ಲಿ ಮಾಡಿದ 29 ಹಾಡುಗಳು ಇನ್ನೊಂದು ಮೂಲ. ಅವನು 27ನೇ ವಯಸ್ಸಿಗೇ ಸತ್ತ. ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ವಿದ್ಯೆ ಪಡೆದ ಅನ್ನೋ ಕಥೆಯನ್ನು ಅವನಿಗೆ ಅಂಟಿಸಿದ್ದಾರೆ. ನನಗೆ ಆ ಕಥೆ ಇಷ್ಟವಿಲ್ಲ. ಒಬ್ಬ ಬಡ ಹುಡುಗ ಕೂತು ಸಾಧನೆ ಮಾಡಿ ಗಳಿಸಿದ್ದನ್ನು ಸೈತಾನನ ಖಾತೆಗೆ ಬರೆದಂತಾಗುತ್ತೆ.

ಮಡ್ಡಿ ಸ್ಲೈಡನ್ನು ಕಿರುಬೆರಳಿಗೆ ಹಾಕುತ್ತಿದ್ದ. ಉಳಿದ ಮೂರು ಬೆರಳು ತಂತಿ ಒತ್ತೋಕೆ ಖಾಲಿ ಉಳಿಯುತ್ತವೆ. ಹಾಗಾಗಿ ಒತ್ತಿ ಹಿಡಿದ ಸ್ವರವೂ ಜಾರುವ ಸ್ವರವೂ ಒಂದೇ ಉಸಿರಲ್ಲಿ ಬರುತ್ತವೆ. ನಿಮಗೆ ಇನ್ನೊಂದು ಕೇಳಿಸಬೇಕು, 1950ರ 'ರೋಲಿನ್ ಸ್ಟೋನ್'. ಮಡ್ಡಿ ಒಬ್ಬನೇ, ಎಲೆಕ್ಟ್ರಿಕ್ ಗಿಟಾರ್ ಒಂದೇ, ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ) ಬದಲಾವಣೆ ಇಲ್ಲವೇ ಇಲ್ಲ. ಮಾಮೂಲಿ ಬ್ಲೂಸ್, ಅಂದರೆ ಮಡ್ಡಿಯಂಥ ಕರಿಯ ಗಾಯಕರ ಈ ಹಾಡಿನ ಶೈಲಿ, 12 ಬಾರ್ (ತಾಳದ ಆವರ್ತ)‌ಗಳಲ್ಲಿ ಮೂರು ಕಾರ್ಡ್ ಸುತ್ತುತ್ತೆ. ಇದು ಷಡ್ಜ ಬಿಟ್ಟು ಕದಲಲ್ಲ.

ಉಣಕಲ್‌ಕೆರೆ:

ಆ ಹಾಡಿನ ಹೆಸರ ಹೊತ್ತ ಬ್ಯಾಂಡಿನ ಮಾತ ಇನ್ನೂ ಬರ್ಲಿಲ್ಲಲ್ರಿ.

1961ರ ಅಕ್ಟೋಬರ್, ಲಂಡನ್ ಹತ್ರ ಡಾರ್ಟ್‌ಫರ್ಡ್ ಸ್ಟೇಷನ್ನು. ಕೀತ್ ರಿಚರ್ಡ್ಸ್ ಪ್ಲಾಟ್‌ಫಾರ್ಮ್ ಮ್ಯಾಲ ನಿಂತಾನ. ಸಣ್ಣಂದಿನ ಗೆಳೆಯ ಮಿಕ್ ಜಾಗರ್ ಬಂದ, ಬಗಲಾಗ ಎರಡ ರೆಕಾರ್ಡ್. ಒಂದು ಚಕ್ ಬೆರಿದು, ಇನ್ನೊಂದು 'ದಿ ಬೆಸ್ಟ್ ಆಫ್ ಮಡ್ಡಿ ವಾಟರ್ಸ್'. ಅಂಗಡ್ಯಾಗ ಸಿಗ್ತಿರ್ಲಿಲ್ಲ ಅಂತ ಷಿಕಾಗೊಕ್ಕ ನೇರ ಕಾಗದ ಬರದ ತರಿಸಿದ್ದು. ಮಾತ ಶುರು ಆಗಿದ್ದು ಅಲ್ಲಿಂದ. ಮುಂದಿನ ವರ್ಷ ಜುಲೈದಾಗ ಅವರ ಜೋಡಿ ಬ್ಯಾಂಡ್ ಕಟ್ಟಿದ ಬ್ರಯನ್ ಜೋನ್ಸ್ ಪತ್ರಿಕಿಗೆ ಫೋನ್ ಹಚ್ಚಿದಾಗ ಬ್ಯಾಂಡಿನ ಹೆಸರೇನು ಅಂತ ಕೇಳಿದ್ರ, ಕಣ್ಣಿಗೆ ಬಿದ್ದ ಮಡ್ಡಿ ರೆಕಾರ್ಡಿನ ಹಾಡಿನ ಹೆಸರ ಹೇಳಿಬಿಟ್ಟ. ರೋಲಿಂಗ್ ಸ್ಟೋನ್ಸ್.

ಇಲ್ಲಿ ತನಕ ಖರೇನ ಛಲೋ ಕಥಿ. ಆದ್ರ ನನಗ ಸಿಟ್ಟ ಬರೂದು ರೊಕ್ಕದ ವಿಷಯಕ್ಕ. ಎಲ್ವಿಸ್ 1954ರಾಗ ಹಾಡಿದ ಮೊದಲನೇ ರೆಕಾರ್ಡ್ 'ದಟ್ಸ್ ಆಲ್ ರೈಟ್' ಆರ್ಥರ್ ಕ್ರೂಡಪ್ 1946ರಾಗ ಮಾಡಿದ್ದು. ಕ್ರೂಡಪ್‌ಗ ಬರಬೇಕಾದಷ್ಟು ರಾಯಲ್ಟಿ ಸಾಯೂತನಕ ಕೈಗೆ ಹತ್ತಲಿಲ್ಲ. 1974ರಾಗ ಬಡವನಾಗೇ ಸತ್ತ. ಮಡ್ಡಿ 1962ರಾಗ ಹಾಡಿದ 'ಯೂ ನೀಡ್ ಲವ್' ಐತಲ್ಲ, ಅದೂ ಡಿಕ್ಸನ್ ಬರದದ್ದು. 1969ರಾಗ ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಝೆಪ್ಪೆಲಿನ್ 'ಹೋಲ್ ಲಾಟಾ ಲವ್'ನಾಗ ಅದರ ಸಾಲ ಬಂದ್ವು, ಡಿಕ್ಸನ್ ಹೆಸರ ಬರ್ಲಿಲ್ಲ. 1985ರಾಗ ಡಿಕ್ಸನ್ ಕೋರ್ಟಿಗೆ ಹೋಗಬೇಕಾತು, 1987ಕ್ಕ ರಾಜಿ ಆತು. ಕೋರ್ಟ್ ಮೆಟ್ಟಲಾ ಹತ್ತದ ಕೊಟ್ಟಿದ್ರ ಅವರ ದೊಡ್ಡಸ್ತಿಕಿ ಏನ್ ಕಮ್ಮಿ ಆಗ್ತಿತ್ತು?

ನೇಪರ್‌ವಿಲ್_ಕನ್ನಡಿಗ:

ಅದೇ ಡಿಕ್ಸನ್ ಹೆಸರಿನ ಬ್ಲೂಸ್ ಹೆವನ್ ಫೌಂಡೇಷನ್ ಈಗ 2120 ಸೌತ್ ಮಿಷಿಗನ್ ಅವೆನ್ಯೂದ ಹಳೇ ಚೆಸ್ ಸ್ಟುಡಿಯೋವನ್ನ ನಡೆಸ್ತಿದೆ. ಒಳಗೆ ಹೋಗಿ ನೋಡಬಹುದು. ತಮ್ಮ ಹಕ್ಕಿನ ಹಣ ಕೇಳಕ್ಕೂ ಗೊತ್ತಿಲ್ಲದ ಹಳೇ ಕಲಾವಿದರಿಗೆ ಸಹಾಯ ಮಾಡಬೇಕು ಅಂತಲೇ ಡಿಕ್ಸನ್ ಕಟ್ಟಿದ ಸಂಸ್ಥೆ ಅದು. ಹೊರಗಿಂದ ನೋಡಿದ್ರೆ ಎರಡಂತಸ್ತಿನ ಸಾಧಾರಣ ಕಟ್ಟಡ, ಅಗಲವೂ ಇಲ್ಲ. ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ರೆಕಾರ್ಡಿಂಗ್ ಕೋಣೆ. 1964ರ ಜೂನ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಅಮೆರಿಕಕ್ಕೆ ಬಂದಾಗ ಹುಡುಕಿಕೊಂಡು ಬಂದಿದ್ದು ಇದೇ ಕೋಣೆಗೆ.

ಉಣಕಲ್‌ಕೆರೆ ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಒಂದು ಮಾತು ಮಾತ್ರ ಸೇರಿಸ್ತೀನಿ. 1965ರಲ್ಲಿ ಅಮೆರಿಕದ 'ಶಿಂಡಿಗ್' ಟಿವಿ ಕಾರ್ಯಕ್ರಮಕ್ಕೆ ಕರೆದಾಗ, ಹೌಲಿನ್ ವುಲ್ಫ್‌ನೂ ಕರೆದರೆ ಮಾತ್ರ ಬರ್ತೀವಿ ಅಂತ ಸ್ಟೋನ್ಸ್ ಪಟ್ಟು ಹಿಡಿದ್ರು. ಐವತ್ತು ದಾಟಿದ ವುಲ್ಫ್ ಹಾಡುವಾಗ ಆ ಹುಡುಗರು ಕಾಲ ಬುಡದಲ್ಲಿ ಕೂತು ಕೇಳ್ತಾರೆ. ಅಮೆರಿಕದ ಬಿಳಿಯ ಮಕ್ಕಳಿಗೆ ಅವರದೇ ದೇಶದ ದೊಡ್ಡ ಕಲಾವಿದನನ್ನ ಇಂಗ್ಲೆಂಡಿನವರು ಪರಿಚಯ ಮಾಡಿಸಬೇಕಾಯ್ತು ಅನ್ನೋದು ಅಮೆರಿಕದ ವರ್ಣಭೇದದ ಬಗ್ಗೆ ತುಂಬ ಹೇಳುತ್ತೆ.

ತಂತಿನಾದ:

ಇಂಗ್ಲೆಂಡಿನವರೂ ಮೊದಲ ದಿನವೇ ಒಪ್ಪಿಕೊಂಡವರಲ್ಲ. 1958ರ ಅಕ್ಟೋಬರ್‌ನಲ್ಲಿ ಅಲ್ಲಿನ ಜಾಝ್ ಬ್ಯಾಂಡಿನ ಕ್ರಿಸ್ ಬಾರ್ಬರ್ ಕರೆಸಿದಾಗ ಮಡ್ಡಿ ಮತ್ತು ಓಟಿಸ್ ಸ್ಪ್ಯಾನ್ ಹೋದರು. ಅಲ್ಲಿಯವರಿಗೆ ಅಲ್ಲಿವರೆಗೆ ಗೊತ್ತಿದ್ದದ್ದು ಬಿಗ್ ಬಿಲ್ ಬ್ರೂಂಝಿಯಂಥವರ ಅಕೂಸ್ಟಿಕ್ ಗಿಟಾರ್. ಮಡ್ಡಿ ಟೆಲಿಕಾಸ್ಟರ್ ಅನ್ನೋ ಎಲೆಕ್ಟ್ರಿಕ್ ಗಿಟಾರನ್ನು ಆಂಪಿಗೆ ಸಿಕ್ಕಿಸಿ ಷಿಕಾಗೊದಲ್ಲಿ ನುಡಿಸುವ ಹಾಗೇ ನುಡಿಸಿದ. ಗಿಟಾರ್ ಕಿರುಚುತ್ತೆ, ಪಿಯಾನೋ ಊಳಿಡುತ್ತೆ ಅಂತ ಪತ್ರಿಕೆಯಲ್ಲಿ ತಲೆಬರಹ ಬಂತು. ಮಡ್ಡಿಗೆ ನೋವಾಯಿತು. 1963ರಲ್ಲಿ ಮತ್ತೆ ಹೋಗುವಾಗ ಜನಕ್ಕೆ ಬೇಕಾದ್ದು ಇದೇ ಅಂತ ಅಕೂಸ್ಟಿಕ್ ಹಿಡಿದು ಹೋದ. ಅಷ್ಟರಲ್ಲಿ ಅಲ್ಲಿನ ಹುಡುಗರು ಅವನ ರೆಕಾರ್ಡುಗಳನ್ನೇ ಅರೆದು ಕುಡಿದಿದ್ದರು. ಎಲೆಕ್ಟ್ರಿಕ್ ಎಲ್ಲಿ, ಆಂಪ್ ಎಲ್ಲಿ ಅಂತ ಕೇಳಿದರು!

ಆ ಐದು ವರ್ಷದಲ್ಲಿ ಬದಲಾದದ್ದು ಕೇಳುವವರು. 1958ರ ಆ ಪ್ರವಾಸದಲ್ಲಿ ಲಂಡನ್ನಿನ ಬ್ಲೂಸ್ ವಾದಕರಾದ ಅಲೆಕ್ಸಿಸ್ ಕಾರ್ನರ್ ಮತ್ತು ಸಿರಿಲ್ ಡೇವಿಸ್ ಅವನನ್ನು ಕೇಳಿದರು, ಕೇಳಿ ತಾವೂ ಎಲೆಕ್ಟ್ರಿಕ್‌ಗೆ ಹೊರಳಿದರು, 1962ರ ಮಾರ್ಚಿನಲ್ಲಿ ಈಲಿಂಗ್‌ನಲ್ಲಿ ಕ್ಲಬ್ ತೆರೆದರು. ಮಿಕ್, ಕೀತ್ ಇಬ್ಬರೂ ಬ್ರಯನ್‌ನನ್ನು ಕಂಡದ್ದು ಅಲ್ಲಿ. ನಾನು ಒಬ್ಬನ ಹೆಸರು ಹಿಡಿದು ಕೂತಿದ್ದಕ್ಕೆ ಕಾರಣ ಇದೇ. ಟೀ-ಬೋನ್, ರೊಸೆಟಾ ಎಲ್ಲರೂ ದೊಡ್ಡವರು. ಆದರೆ ಹತ್ತಿ ಹೊಲದಿಂದ ಷಿಕಾಗೊದ ಬಾರು, ಅಲ್ಲಿಂದ ಚಕ್ ಬೆರಿ, ಅಲ್ಲಿಂದ ಲಂಡನ್, ಪ್ರತಿ ತಿರುವಿನಲ್ಲೂ ಅದೇ ಮನುಷ್ಯ ನಿಂತಿದ್ದಾನೆ.

ಉಣಕಲ್‌ಕೆರೆ:

ತಿರುವಿನ ಮಾತ ಒಪ್ಪಿದ್ನ್ರಿ. ಬೀಜದ ಮಾತ ಇನ್ನೂ ಒಪ್ಪಿಲ್ಲ. ಇನ್ನೊಂದ ಸಲ ಟೀ-ಬೋನ್ ಮ್ಯಾಲ ನಾನ ಬರೀತೀನಿ, ಆವಾಗ ನೋಡೂಣು.

ಅಂದಹಂಗ, ಸ್ಟೋನ್ಸ್ ಬೆಂಗಳೂರ ಅರಮನಿ ಮೈದಾನಕ್ಕ ಬಂದದ್ದು 2003ರ ಏಪ್ರಿಲ್ 4ಕ್ಕ. ಮಡ್ಡಿ ಹುಟ್ಟಿದ ತಾರೀಖೂ ಏಪ್ರಿಲ್ 4, 1913. ಅವನ ತೊಂಬತ್ತನೇ ಹುಟ್ಟುಹಬ್ಬದ ದಿನಾನ ಅವನ ಹಾಡಿನ ಹೆಸರ ಇಟ್ಕೊಂಡವರು ನಮ್ಮೂರಾಗ ಬಾರಿಸಿ ಹೋಗ್ಯಾರ. ಯಾರರ ಇಲ್ಲಿ ಆ ದಿನ ಹೋಗಿದ್ರಿ?

ಕರಾವಳಿ_ಬೇಸ್:

ನಾನು ಹೋಗಿದ್ದೆ! ರಾತ್ರಿ ಬಸ್ಸಿಗೆ ಘಾಟಿ ಹತ್ತಿ ಬಂದದ್ದು. ಮಡ್ಡಿಯ ಹುಟ್ಟಿದ ದಿನ ಅಂತ ಈಗ ಗೊತ್ತಾಗಿ ಮೈ ಜುಂ ಅಂತು. ಚಾರ್ಲೀ ವಾಟ್ಸ್ ಡ್ರಮ್ಸ್ ಹಿಂದೆ ಕೂತು ಎಷ್ಟು ಕಡಿಮೆ ಬಾರಿಸಿದರು ಅಂತ ನಾನು ಇವತ್ತಿಗೂ ನಮ್ಮ ಹುಡುಗರಿಗೆ ಹೇಳುವುದುಂಟು. ಷಿಕಾಗೊದವರಿಂದ ಕಲಿತ ಬುದ್ಧಿ ಅದು.

ಹೊಸಕೇಳುಗ:

ಎಲ್ಲರಿಗೂ ಥ್ಯಾಂಕ್ಸ್. ಎರಡೂ ಹಾಡು ಕೇಳ್ದೆ, ರಾಕೆಟ್ 88ನೂ ಕೇಳ್ದೆ. ವಿಲ್ಲೀ ಜಾನ್ಸನ್ ಕೇಳಿ ತಲೆ ಕೆಟ್ಟೋಯ್ತು. ಈಗ ನಂಗೆ 'ಐ ಕಾಂಟ್ ಬಿ ಸ್ಯಾಟಿಸ್ಫೈಡ್' ನುಡಿಸಕ್ಕೆ ಟ್ರೈ ಮಾಡಬೇಕು. ಮಾಮೂಲಿ ಟ್ಯೂನಿಂಗಲ್ಲಿ ಏನೂ ಕೂರ್ತಿಲ್ಲ.

ವೀಣೆಮನೆ:

ಆ ಶ್ರುತಿ ಹೇಗೆ ಕಟ್ಟುವುದು ಎಂದು ನನಗೂ ತಿಳಿಯಬೇಕು. ಶಿಷ್ಯೆಯ ಅಣ್ಣನ ಗಿಟಾರ್ ಮನೆಗೆ ತರಿಸಿದ್ದೇನೆ.

ತಂತಿನಾದ:

ಅದು ಓಪನ್ ಜಿ ಟ್ಯೂನಿಂಗ್. ಆರನೇ ತಂತಿಯನ್ನು ಇ ಇಂದ ಡಿಗೆ ಇಳಿಸಿ, ಐದನೆಯದನ್ನು ಎ ಇಂದ ಜಿಗೆ, ಒಂದನೆಯದನ್ನು ಇ ಇಂದ ಡಿಗೆ. ಮೂರೂ ಒಂದೊಂದು ಪೂರ್ತಿ ಸ್ವರ ಇಳಿಯುತ್ತವೆ. ಮಧ್ಯದ ಮೂರು ತಂತಿ ಮುಟ್ಟಬೇಡಿ. ಮೇಡಂ, ಜಿಯನ್ನು ಷಡ್ಜ ಅಂತ ಇಟ್ಟುಕೊಂಡರೆ ದಪ್ಪ ತಂತಿಯಿಂದ ಸಣ್ಣದರವರೆಗೆ ಪ ಸ ಪ ಸ ಗ ಪ ಅಂತ ಬರುತ್ತೆ, ಗಾಂಧಾರ ಅಂತರ ಗಾಂಧಾರ. ನೀವು ಹೇಳಿದ ನಡುವಿನ ಗಾಂಧಾರ ಬೇಕಾದಾಗ ಒಂದನೇ ತಂತಿಯ ಮೇಲೆ, ಎಂಟನೇ ಮತ್ತು ಒಂಬತ್ತನೇ ಮೆಟ್ಟಿಲಿನ ನಡುವೆ ಹುಡುಕಬೇಡಿ, ಮೂರನೇ ತಂತಿಯ ಮೇಲೆ ಮೂರನೇ ಮತ್ತು ನಾಲ್ಕನೇ ಮೆಟ್ಟಿಲಿನ ನಡುವೆ ಸುಲಭವಾಗಿ ಸಿಗುತ್ತೆ.

ಹೊಸಕೇಳುಗ, ಸ್ಲೈಡನ್ನು ಒತ್ತಬೇಡಪ್ಪ, ತಂತಿಗೆ ತಾಗಿದ ಹಾಗಿರಲಿ ಸಾಕು. ನಿಲ್ಲಬೇಕಾದ್ದು ಮೆಟ್ಟಿಲಿನ ಲೋಹದ ಪಟ್ಟಿಯ ನೇರ ಮೇಲೆ, ಅದರ ಹಿಂದಲ್ಲ. ಸ್ಲೈಡಿನ ಹಿಂದೆ ಉಳಿದ ಬೆರಳು ತಂತಿ ಮೇಲೆ ಹಗುರವಾಗಿ ಇಟ್ಟಿರು, ಇಲ್ಲದಿದ್ದರೆ ಬೇಡದ ಸದ್ದೆಲ್ಲ ಎದ್ದುಬರುತ್ತೆ. ಸಣ್ಣ ತಂತಿ ಹಾಕಿದ್ದರೆ ಬದಲಿಸಿ ಸ್ವಲ್ಪ ದಪ್ಪದ್ದು ಹಾಕು. ಮೊದಲು 1941ರದ್ದನ್ನು ಕಲಿ, ಅದರಲ್ಲಿ ಬೇಸ್ ಜೊತೆಗಿಲ್ಲ, ಹೆಬ್ಬೆರಳೇ ತಾಳ ಹಿಡಿಯಬೇಕು. ಅದು ಕೈಗೆ ಕೂತ ಮೇಲೆ ಆಂಪ್ ಹಾಕು.